ಬಾಣದ ಮೊನೆ ಆರಿಸಿಕೊಂಡ ಬಗೆ: ಪುಣೆಯಿಂದ ನನ್ನ ಅನುಭವ

ನನ್ನ ಬತ್ತಳಿಕೆಯಲ್ಲಿ ಗರಿ ಇಲ್ಲದ ಎರಡು ಬಾಣ ಯಾವಾಗಲೂ ಇರುತ್ತವೆ. ಹೊಸಬರು ನೋಡಿದರೆ ಗರಿ ಕಿತ್ತುಹೋಗಿದೆ ಎಂದುಕೊಳ್ಳುತ್ತಾರೆ. ಮೊನೆಯ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಎರಡು ಬಾಣಗಳೇ ಕಲಿಸಿದ್ದು.

ನಮ್ಮೂರು ಬಾಗಲಕೋಟೆ ಕಡೆ. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ, ಭೋಸರಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಈ ಊರಿನಲ್ಲಿ ಬಿಲ್ಲಿನ ಮೇಲೆ ಮನಸ್ಸು ಹೋಗುವುದು ಸಹಜ. ಬಿಲ್ಲುಗಾರರನ್ನೂ ತಯಾರು ಮಾಡುವ ಸೇನೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇಲ್ಲೇ ಇದೆ. ಪಕ್ಕದ ಸಾತಾರಾ ಜಿಲ್ಲೆಯ ಬಿಲ್ಲುಗಾರ ಪ್ರವೀಣ್ ಜಾಧವ್ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲೂ ಅದೇ ಮಾತು. ನಾನು ಹೋಗುವುದು ಮಾತ್ರ ಒಂದು ಚಿಕ್ಕ ಮೈದಾನಕ್ಕೆ. ಭಾನುವಾರ ಬೆಳಿಗ್ಗೆ, 30 ಮತ್ತು 50 ಮೀಟರ್ ದೂರದ ಗುರಿಗೆ.

ಮೊನೆಯ ಬಗ್ಗೆ ತಲೆ ಕೆಡಿಸಿಕೊಳ್ಳಲು ಶುರುಮಾಡಿದ್ದು ಅಲಗುಗಳಿಂದ, ಅಂದರೆ ಬೇಟೆಗಾರರು ಬಾಣಕ್ಕೆ ಹಾಕುವ ಬ್ಲೇಡಿನ ಮೊನೆಗಳಾದ ಬ್ರಾಡ್‌ಹೆಡ್‌ಗಳಿಂದ. ನನ್ನ ಸೋದರತ್ತೆಯ ಮಗ ಅಮೆರಿಕದ ಮಿಶಿಗನ್‌ನಲ್ಲಿದ್ದಾನೆ. ಅಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಹಂಗಾಮು ತೆರೆಯುತ್ತದೆ. ವಿಡಿಯೊ ಕಾಲ್‌ನಲ್ಲಿ ಅವನು ತನ್ನ ಡಬ್ಬಿ ತೆರೆದು ತೋರಿಸಿದ: ಬ್ಲೇಡು ಕದಲದೆ ಬಿಗಿಯಾಗಿ ನಿಂತಿರುವ ಅಲಗು, ತಾಗಿದೊಡನೆ ಬ್ಲೇಡು ಬಿಚ್ಚಿಕೊಳ್ಳುವ ಅಲಗು, ಎರಡೇ ಬ್ಲೇಡಿನ ಹಳೆಯ ಮಾದರಿ. ಬಿಚ್ಚಿಕೊಳ್ಳುವುದಕ್ಕೇ ಬಾಣದ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ, ಹಾಗಾಗಿ ಬಿಲ್ಲಿನ ಬಿಗಿ ಕಡಿಮೆ ಇದ್ದವರಿಗೆ ಎರಡು ಬ್ಲೇಡಿನದೇ ವಾಸಿ ಎಂದ. ಅಲಗಿನ ತೂಕ ಹೆಚ್ಚಾಗಿ 100 ಗ್ರೇನ್ (ಸುಮಾರು ಆರೂವರೆ ಗ್ರಾಂ), ಇಲ್ಲವೇ 125. ಅಭ್ಯಾಸಕ್ಕೆ ಹಾಕುವ ಸಾದಾ ಮೊನೆಯೂ ಅದೇ ತೂಕದ್ದಾಗಿರಬೇಕು, ಅದು ಅವರ ಮೊದಲ ನಿಯಮ.

ಅವು ನನಗೆ ಬೇಕು ಅನ್ನಿಸಿದ್ದು ನಿಜ. ಆದರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಆ ಕಾಯ್ದೆ ಇರುವುದೇ ಒಳ್ಳೆಯದೆಂಬುದು ನನ್ನ ನಂಬಿಕೆ. ಗುರಿಹಲಗೆಗೆ ಅಲಗು ಹೊಡೆದರೆ ಹಲಗೆಯೇ ಹರಿದು ಹಾಳು. ಅವನ ಇನ್ನೊಂದು ಮಾತು ಮಾತ್ರ ನನ್ನೊಳಗೆ ಉಳಿಯಿತು. ಮುಂಭಾಗದ ಬ್ಲೇಡುಗಳು ಗಾಳಿಯಲ್ಲಿ ರೆಕ್ಕೆಯ ಹಾಗೆ ಕೆಲಸ ಮಾಡುತ್ತವಂತೆ. ಬಾಣ ಬಿಲ್ಲಿನಿಂದ ಕೊಂಚ ಸೊಟ್ಟ ಹೊರಟರೂ ಸಾದಾ ಮೊನೆಯಾದರೆ ಗರಿಗಳು ತಿದ್ದಿಕೊಳ್ಳುತ್ತವೆ, ಅಲಗು ಆ ಸೊಟ್ಟನ್ನೇ ಹಿಗ್ಗಿಸಿ ಎಲ್ಲೋ ಕೊಂಡೊಯ್ಯುತ್ತದೆ. "ತಮ್ಮಾ, ಅಲಗಿನ ಮಾತು ಆಮ್ಯಾಲೆ. ಮೊದಲ ನಿನ್ನ ಬಾಣ ನೆಟ್ಟಗ ಹಾರತೈತೋ ಇಲ್ಲೋ ನೋಡ್ಕೊ" ಎಂದ.

ನೋಡಿಕೊಳ್ಳುವ ದಾರಿಯೇ ಗರಿ ಇಲ್ಲದ ಬಾಣ. ಗರಿ ತಪ್ಪನ್ನು ಮುಚ್ಚಿಡುತ್ತದೆ. ಗರಿ ತೆಗೆದರೆ ಕೋಲು ತಾನು ಹೊರಟ ಹಾಗೆಯೇ ಹೋಗಿ ಬೀಳುತ್ತದೆ.

ನನ್ನದು ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಹೆದೆ ಪೂರ್ತಿ ಎಳೆದಾಗ ಬೆರಳಿನ ಮೇಲೆ 34 ಪೌಂಡ್ ಬಲ ಬೀಳುತ್ತದೆ. ಬಾಣ 29 ಇಂಚಿನ ಕಾರ್ಬನ್, ಸ್ಪೈನ್ (ಕೋಲು ಎಷ್ಟು ಬಗ್ಗುತ್ತದೆ ಎಂಬ ಅಳತೆ) 700. 28 ಇಂಚಿನ ಅಂತರದಲ್ಲಿ ಎರಡು ಆಧಾರದ ಮೇಲೆ ಕೋಲನ್ನು ಮಲಗಿಸಿ, ನಡುವೆ 880 ಗ್ರಾಂ ತೂಗುಹಾಕಿದರೆ ಅದು 0.7 ಇಂಚು ಬಗ್ಗುತ್ತದೆ ಎಂದು ಆ 700ರ ಅರ್ಥ. ಆದರೆ ಇದು ನಿಂತ ಕೋಲಿನ ಲೆಕ್ಕ. ಹೆದೆ ಹಿಂದಿನಿಂದ ದೂಡುವಾಗ ಮುಂದಿನ ಮೊನೆ ತನ್ನ ಭಾರಕ್ಕೆ ತಕ್ಷಣ ಕದಲುವುದಿಲ್ಲ, ನಡುವಿನ ಕೋಲು ಬಳುಕುತ್ತದೆ. ಮೊನೆ ಭಾರವಾದಷ್ಟೂ ಅದೇ ಕೋಲು ಮೆದುವಾದಂತೆ ನಡೆದುಕೊಳ್ಳುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಗರಿ ಇಲ್ಲದ ಬಾಣ ಗರಿ ಇದ್ದವುಗಳಿಗಿಂತ ಬಲಕ್ಕೆ ಬಿದ್ದರೆ ಕೋಲು ಮೆದು, ಎಡಕ್ಕೆ ಬಿದ್ದರೆ ಬಿರುಸು.

ಇಷ್ಟು ಓದಿಕೊಂಡೂ ನಾನು ತಪ್ಪಿದೆ. ಆಗ ಹಾಕಿದ್ದು 100 ಗ್ರೇನ್ ಮೊನೆ. ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಹೋಗಿ 18 ಮೀಟರಿನಿಂದ ಹೊಡೆದೆ. ಗರಿ ಇದ್ದವು ನಡುವೆ, ಗರಿ ಇಲ್ಲದವು ಗೇಣುದ್ದ ಎಡಕ್ಕೆ, ಸ್ವಲ್ಪ ಕೆಳಗೆ. ಬಿರುಸು ಎಂದು ತೀರ್ಮಾನಿಸಿ 120 ಗ್ರೇನ್‌ನ ಒಂದು ಡಜನ್ ತರಿಸಿದೆ. ಮರುವಾರ ಚೆನ್ನಾಗಿ ನಿದ್ದೆ ಮಾಡಿ ಹೋಗಿ ಹೊಡೆದರೆ ಎರಡೂ ಬಲಕ್ಕೆ! ನಮ್ಮ ಕೋಚ್ ಹಿಂದೆ ನಿಂತು ನೋಡಿದರು. ಕಳೆದ ವಾರ ನಿಮ್ಮ ಭುಜ ಕುಸಿದಿತ್ತು, ಹೆದೆ ಪೂರ್ತಿ ಬಂದಿರಲಿಲ್ಲ ಎಂದರು. ಎಳೆತ ಕಡಿಮೆಯಾದರೆ ದೂಡುವ ಬಲ ಕಡಿಮೆ, ಕೋಲು ಕಡಿಮೆ ಬಳುಕುತ್ತದೆ, ಬಿರುಸೆಂದು ಕಾಣುತ್ತದೆ. ಗರಿ ಇಲ್ಲದವು ಕೆಳಗೂ ಬಿದ್ದದ್ದು ಅದರ ಗುರುತಿರಬಹುದು, ನಾನು ಎಡ ಬಲ ಮಾತ್ರ ನೋಡಿದ್ದೆ. ಆಮೇಲಿಂದ ಮೈ ಬಿಸಿಯಾದ ಮೇಲೆ, ದಣಿಯುವ ಮುಂಚೆ, ಮೂರು ಬೇರೆ ಬೇರೆ ದಿನ ಹೊಡೆದು ನೋಡದೆ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಜೊತೆಗೆ ಬರುವ ಗದಗಿನ ಹುಡುಗನಿಂದ 80 ಗ್ರೇನ್‌ನ ಎರಡು ಮೊನೆ ಕಡ ತಂದು ಮೂರೂ ತೂಕ ಹೋಲಿಸಿದೆ. ಗರಿ ಇಲ್ಲದ ಬಾಣ 80 ಹಾಕಿದಾಗ ತುಸು ಎಡಕ್ಕೆ, 120 ಬಲಕ್ಕೆ, 100 ಗರಿ ಇದ್ದವುಗಳ ನಡುವೆಯೇ. ಬಾಣದ ತೂಕ ಎಷ್ಟು ಮುಂದಕ್ಕೆ ವಾಲಿದೆ ಎಂಬುದನ್ನೂ ಅಳೆದೆ. ಬೆರಳಿನ ಮೇಲೆ ಸಮತೂಕ ನಿಲ್ಲುವ ಬಿಂದುವಿಗೆ ನಾಕ್‌ನ (ಹೆದೆಗೆ ಸಿಕ್ಕಿಸುವ ಹಿಂತುದಿಯ) ಸೀಳಿನಿಂದ 18.1 ಇಂಚು. ಅರ್ಧ ಉದ್ದ 14.5 ಕಳೆದರೆ 3.6, ಅದನ್ನು 29ರಿಂದ ಭಾಗಿಸಿದರೆ ಶೇ. 12.4. ಅದೇ ಲೆಕ್ಕ 80ಕ್ಕೆ ಸುಮಾರು 10, 120ಕ್ಕೆ 14.6. ಬೇಸಿಗೆಯ ಮಧ್ಯಾಹ್ನ ಪುಣೆಯಲ್ಲಿ ಪಡುವಣ ಗಾಳಿ ಏಳುತ್ತದೆ. ಆಗ ಮುಂದೆ ಭಾರವಿದ್ದ ಬಾಣ ಕಡಿಮೆ ಅಲುಗುತ್ತದೆ, ಆ ಆಸೆಗೆ 120 ಉಳಿಸಿಕೊಳ್ಳೋಣ ಎನಿಸಿತ್ತು. ಹಾಗಾದರೆ ಕೋಲನ್ನು ಕತ್ತರಿಸಿ ಗಿಡ್ಡ ಮಾಡಿ ಬಿರುಸು ಮಾಡಬೇಕು. ನನ್ನ ಎಳೆತಕ್ಕೆ ಅಷ್ಟು ಗಿಡ್ಡ ಬಾಣ ಸಾಲದು. 100ಕ್ಕೇ ನಿಂತೆ.

ಡಬ್ಬಿಯ ಮೇಲೆ 100 ಎಂದು ಬರೆದಿದ್ದರೂ ತೂಗಿ ನೋಡಬೇಕು. ಒಂದು ಗ್ರೇನ್ ಎಂದರೆ 0.0648 ಗ್ರಾಂ, ಆದ್ದರಿಂದ 100 ಗ್ರೇನ್ 6.48 ಗ್ರಾಂ ಇರಬೇಕು. ಚಿನ್ನ ತೂಗುವಂಥ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ರವಿವಾರ ಪೇಠೆಯಲ್ಲಿ ತಂದೆ. ನನ್ನ ಹನ್ನೆರಡರಲ್ಲಿ ಹಗುರವಾದದ್ದು 6.31, ಭಾರವಾದದ್ದು 6.64. ಐದು ಗ್ರೇನ್ ವ್ಯತ್ಯಾಸ! ಭಾರದವುಗಳ ಹಿಂಬದಿಯ, ಕೋಲಿನೊಳಗೆ ಹೋಗುವ ಕಡ್ಡಿಯನ್ನು ಅರದಿಂದ ಉಜ್ಜಿ ಸಮ ಮಾಡಿದೆ, ತೀರಾ ಹಗುರವಾದ ಎರಡನ್ನು ಬದಿಗಿಟ್ಟೆ. ವರ್ನಿಯರ್ ಅಳತೆಗೋಲಿನಿಂದ ಮೊನೆಯ ಭುಜದ, ಅಂದರೆ ಕೋಲಿನ ಬಾಯಿಗೆ ತಾಗಿ ನಿಲ್ಲುವ ಅಂಚಿನ, ವ್ಯಾಸವನ್ನೂ ನೋಡಿದೆ. ಅದು ಕೋಲಿನ ವ್ಯಾಸಕ್ಕೆ ಸರಿಹೊಂದಬೇಕು. ಸಣ್ಣದಾದರೆ ಕೋಲಿನ ಅಂಚು ಪ್ರತಿ ಏಟಿಗೂ ಪೆಟ್ಟು ತಿಂದು ಸೀಳುತ್ತದೆ.

ಅಂಟಿಸುವಾಗ ಒಂದು ಬಾಣ ಕಳೆದುಕೊಂಡೆ. ಮೊನೆಯನ್ನು ಕೋಲಿನಲ್ಲಿ ಇಟ್ಟುಕೊಂಡೇ ಗ್ಯಾಸ್ ಒಲೆಗೆ ಹಿಡಿದಿದ್ದೆ. ಕಾರ್ಬನ್ ಎಳೆಗಳನ್ನು ಹಿಡಿದಿಡುವ ರಾಳ ಬೆಂದುಹೋಯಿತು. ಮರುದಿನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಒಳಗೆ ಚಿಟ್ ಎಂಬ ಸದ್ದು. ಅಂಥ ಬಾಣ ಹೂಡಿದರೆ ಸಿಡಿದ ಚೂರು ಬಿಲ್ಲು ಹಿಡಿದ ಕೈಗೇ ನಾಟಬಹುದು, ಮುರಿದು ಎಸೆದೆ. ಈಗ ಮೊನೆಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಅದನ್ನಷ್ಟೇ ಕಾಯಿಸುತ್ತೇನೆ, ಕಡ್ಡಿಗೆ ಹಾಟ್ ಮೆಲ್ಟ್ (ಬಿಸಿಗೆ ಕರಗುವ ಅಂಟು) ಸವರುತ್ತೇನೆ. ಕರಗಿ ಹೊಳೆಯುತ್ತಿದ್ದಂತೆ ತಿರುಚುತ್ತಾ ಒಳಕ್ಕೆ ತಳ್ಳಿದರೆ ಭುಜದ ಸುತ್ತ ಅಂಟಿನ ತೆಳು ಉಂಗುರ ಹೊರಬರುತ್ತದೆ. ಉಂಗುರ ಪೂರ್ತಿ ಸುತ್ತು ಬಂದಿದ್ದರೆ ಒಳಗೂ ಎಲ್ಲ ಕಡೆ ಹಿಡಿದಿದೆ ಎಂದು ಲೆಕ್ಕ. ಒರೆಸಿ ತಣ್ಣೀರಿಗೆ ಅದ್ದುತ್ತೇನೆ. ಬಿಡಿಸಬೇಕಾದಾಗ ಕುದಿಯುವ ನೀರು ಸಾಕು.

ಗದಗಿನ ಹುಡುಗ ನನ್ನ ಥರದ್ದೇ 700ರ ಕೋಲು ಕೊಂಡಿದ್ದಾನೆ, ಅವನ ಬಿಲ್ಲು ಮಾತ್ರ 26 ಪೌಂಡ್. "ಅಣ್ಣಾರ, ನಿಮಗ 100 ಛಲೋ ಆತು, ನನಗೂ ಅದನ್ನ ಹಾಕಿಕೊಡ್ರಿ" ಎಂದ. ಎರಡು ಬಾಣದ ಗರಿ ತೆಗೆದು ಮೊದಲು ಹೊಡಿ ಎಂದೆ. 80ರ ಮೊನೆಯೊಂದಿಗೆ ಎರಡೂ ಗೇಣಿಗಿಂತ ಹೆಚ್ಚು ಎಡಕ್ಕೆ ಹೋದವು. ಅಷ್ಟು ಹಗುರ ಬಿಲ್ಲಿಗೆ ಆ ಕೋಲು ಬಿರುಸು. ನನ್ನ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ 120ರ ಡಜನ್ ತಂದು ಎರಡಕ್ಕೆ ಅಂಟಿಸಿ ಕೊಟ್ಟೆ. ಕಳೆದ ಭಾನುವಾರ ಅವು ನಾಲ್ಕು ಬೆರಳು ಎಡಕ್ಕೆ ಬಿದ್ದವು. ಉಳಿದ ಹತ್ತನ್ನೂ ಅವನೇ ಮನೆಗೆ ಒಯ್ದ, ಜೊತೆಗೆ ನನ್ನ ತಕ್ಕಡಿಯನ್ನೂ.