ಟ್ರಾನ್ಸ್‌ಫಾರ್ಮರ್ಸ್ ಗೊಂಬೆ ಕೈಗೆ ಬಂದರೆ ಮೊದಲು ಬೆನ್ನು ನೋಡಿ

ಟ್ರಾನ್ಸ್‌ಫಾರ್ಮರ್ಸ್ ಅಂದರೆ ಭಾಗಗಳನ್ನು ತಿರುಗಿಸಿ ಮಡಚಿದರೆ ಕಾರಿನಂಥ ವಾಹನದಿಂದ ರೋಬೋ ಆಗುವ ಗೊಂಬೆ. ಅದು ಚೆನ್ನಾಗಿದೆಯಾ ಅಂತ ತೀರ್ಪು ಕೊಡುವಾಗ ಡಬ್ಬಿ ಮೇಲಿನ ಫೋಟೋ ನೋಡಿ ಮರುಳಾಗಬೇಡಿ. ಅದನ್ನು ಸಾಮಾನ್ಯವಾಗಿ ಎದುರಿನಿಂದಲೇ ತೆಗೆದಿರುತ್ತಾರೆ. ರೋಬೋ ಎದೆಯುಬ್ಬಿಸಿ ನಿಂತಿರುತ್ತದೆ. ಕಾರಿನ ಛಾವಣಿ, ಬಾಗಿಲು, ಡಿಕ್ಕಿ ಎಲ್ಲಾ ಎಲ್ಲಿ ಹೋದವು ಅಂತ ಅದರಲ್ಲಿ ಕಾಣುವುದೇ ಇಲ್ಲ. ಗೊಂಬೆಯನ್ನು ತಿರುಗಿಸಿ ಬೆನ್ನು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. 1984ರಲ್ಲಿ ಅಮೆರಿಕದ ಗೊಂಬೆ ಕಂಪನಿ ಹ್ಯಾಸ್ಬ್ರೋ ಟ್ರಾನ್ಸ್‌ಫಾರ್ಮರ್ಸ್ ಶುರು ಮಾಡಿದಾಗ ಜಪಾನಿನ ತಕಾರಾ ಕಂಪನಿಯ ಗೊಂಬೆಗಳು ಆಗಲೇ ಇದ್ದವು. ಗೊಂಬೆ ಮೊದಲು, ಕಾರ್ಟೂನು ಆಮೇಲೆ. 2007ರ ಸಿನಿಮಾದಲ್ಲಿ ಇದು ಉಲ್ಟಾ ಆಯಿತು, ತೆರೆಯ ರೋಬೋ ಮೊದಲು, ಗೊಂಬೆ ಆಮೇಲೆ. ಆ ಸಿನಿಮಾದ ನಾಯಕ ರೋಬೋ ಆಪ್ಟಿಮಸ್ ಪ್ರೈಮ್‌ಗೆ ಕಂಪ್ಯೂಟರಿನಲ್ಲಿ ಜೋಡಿಸಿದ ಬಿಡಿಭಾಗಗಳೇ 10,000ಕ್ಕೂ ಜಾಸ್ತಿ. ತೆರೆಯ ಮೇಲೆ ಒಂದು ತುಂಡು ಚಿಕ್ಕದಾಗಬಹುದು, ಇನ್ನೊಂದರೊಳಗೆ ತೂರಬಹುದು, ಸುಮ್ನೆ ಮಾಯವೂ ಆಗಬಹುದು, ಯಾರೂ ಕೇಳುವುದಿಲ್ಲ. ಪ್ಲಾಸ್ಟಿಕ್ಕಿಗೆ ಆ ಸೌಕರ್ಯ ಇಲ್ಲ. ಕಾರಿನ ಬಾನೆಟ್ ಎಲ್ಲಾದರೂ ಒಂದು ಕಡೆ ಇರಲೇಬೇಕು. ಅದನ್ನು ಎಲ್ಲಿಟ್ಟಿದ್ದಾರೆ ಅನ್ನುವುದರಲ್ಲೇ ಡಿಸೈನರ್ ಕೈಚಳಕ ಇರುವುದು.

ಹೀಗೆ ಉಳಿದು ನೇತಾಡುವ ವಾಹನದ ಭಾಗಗಳಿಗೆ ಈ ಹುಚ್ಚು ಹಿಡಿದವರು ‘ಕಿಬಲ್’ ಅನ್ನುತ್ತಾರೆ. ಸ್ವಲ್ಪ ಕಿಬಲ್ ಇದ್ದೇ ಇರುತ್ತದೆ, ಅದು ತಪ್ಪಲ್ಲ. ಬಾಗಿಲುಗಳು ರೆಕ್ಕೆಯ ಹಾಗೆ ಬೆನ್ನಿನಲ್ಲಿ ನಿಂತರೆ ಚೆಂದವೇ, ಸಿನಿಮಾದ ಹಳದಿ ರೋಬೋ ಬಂಬಲ್‌ಬೀ ಗುರುತು ಸಿಗುವುದೇ ಅದರಿಂದ. ಆದರೆ ಇಡೀ ಕಾರಿನ ಮೈಯನ್ನು ಚಿಪ್ಪಿನ ಹಾಗೆ ಮಡಚಿ ಬೆನ್ನಿಗೆ ಹೊರಿಸಿದ್ದರೆ ಅದಕ್ಕೆ ‘ಶೆಲ್‌ಫಾರ್ಮರ್’ ಅನ್ನುತ್ತಾರೆ. ಒಳಗೊಂದು ಸಾಧಾರಣ ರೋಬೋ, ಬೆನ್ನ ಮೇಲೊಂದು ಕಾರು, ಅಷ್ಟೇ. ನನಗಂತೂ ಅದು ಸೋಮಾರಿತನ ಅನ್ನಿಸುತ್ತದೆ. ಕೆಲವರು ಇದನ್ನು ಒಪ್ಪುವುದಿಲ್ಲ, ರೋಬೋ ಸಿನಿಮಾದಲ್ಲಿದ್ದ ಹಾಗೇ ಕಂಡರೆ ಸಾಕು ಅನ್ನುತ್ತಾರೆ. ಎದೆಯನ್ನೂ ಗಮನಿಸಿ: ಎದೆಯ ಮೇಲಿರುವ ಗ್ರಿಲ್, ಹೆಡ್‌ಲೈಟು ನಿಜವಾಗಿ ಕಾರಿನ ಮುಂಭಾಗದಿಂದಲೇ ಬಂದದ್ದಾ, ಅಥವಾ ಒಳಗೆ ಅಡಗಿಸಿಟ್ಟ ನಕಲಿ ತುಂಡಾ? ನಕಲಿಯಾದರೆ ಅಸಲಿ ಮುಂಭಾಗ ಎಲ್ಲೋ ಬೆನ್ನಲ್ಲಿ ನೇತಾಡುತ್ತಿರುತ್ತದೆ, ಹುಡುಕಿ.

ಈಗ ಟ್ರಾನ್ಸ್‌ಫಾರ್ಮ್ ಮಾಡಿ. ಮೊದಲ ಸಲ ಸೂಚನೆಯ ಹಾಳೆ ನೋಡಿಕೊಂಡೇ ಮಾಡಿ, ಜಾಣತನ ಬೇಡ. ಒಂದೊಂದು ಭಾಗ ತಿರುಗಿದಾಗಲೂ ‘ಓ, ಇದು ಇಲ್ಲಿಗೆ ಬರುತ್ತಾ’ ಅಂತ ಅನ್ನಿಸಬೇಕು. ಹಂತಗಳು ಎಷ್ಟು ಅನ್ನುವ ಲೆಕ್ಕ ಡಬ್ಬಿ ಮೇಲೆಯೇ ಇರುತ್ತದೆ, ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಹಂತ ಜಾಸ್ತಿ ಅಂದರೆ ಗೊಂಬೆ ಒಳ್ಳೆಯದು ಅಂತೇನಿಲ್ಲ. ನಿಜವಾದ ಪರೀಕ್ಷೆ ಕೊನೆಯ ಎರಡು ಮೂರು ಹಂತದಲ್ಲಿದೆ. ಎಲ್ಲಾ ಪ್ಯಾನೆಲ್‌ಗಳೂ ಒಂದಕ್ಕೊಂದು ಟಕ್ ಅಂತ ಕೂರಬೇಕಾದ ಜಾಗ ಅದು. ಎಡಗಡೆ ಒತ್ತಿದರೆ ಬಲಗಡೆ ಕಳಚುವುದು, ಬಲಗಡೆ ಒತ್ತಿದರೆ ಛಾವಣಿ ಏಳುವುದು, ಛಾವಣಿ ಕೂರಿಸುವಷ್ಟರಲ್ಲಿ ಹಿಂದಿನ ಚಕ್ರ ಹೊರಗೆ ಬರುವುದು, ಹೀಗೆ ಕಾಲು ಗಂಟೆ ಗುದ್ದಾಡಿಸುವ ಗೊಂಬೆಯನ್ನು ನೀವು ಮೂರನೇ ಸಲ ಮುಟ್ಟುವುದಿಲ್ಲ. ನನ್ನ ಹತ್ತಿರ ಅಂಥದ್ದೊಂದು ಕಾರಿದೆ. ಪ್ಯಾನೆಲ್ ಸಿಕ್ಕಿಸುವ ನಾಲ್ಕು ಟ್ಯಾಬ್‌ಗಳನ್ನು ಒಟ್ಟಿಗೆ ಒತ್ತಬೇಕು, ನನಗಿರುವುದು ಎರಡೇ ಕೈ.

ಏನಾದರೂ ಬಿಗಿಯಾಗಿದ್ದರೆ ಬಲ ಹಾಕಬೇಡಿ. ನಿಲ್ಲಿಸಿ, ಹಿಂದಿನ ಹಂತಕ್ಕೆ ಹೋಗಿ ನೋಡಿ. ಬಹಳ ಸಲ ಯಾವುದೋ ಸಣ್ಣ ತುಂಡು ತಿರುಗದೆ ಅಡ್ಡ ಬಂದಿರುತ್ತದೆ. ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಕೀಲಿನ ಹತ್ತಿರ ಬಿಳಿ ಗೆರೆ ಕಂಡರೆ ಅಲ್ಲಿ ಒತ್ತಡ ಬೀಳುತ್ತಿದೆ ಅಂತ ಅರ್ಥ, ಮುಂದೆ ಮುರಿಯುವುದು ಅಲ್ಲೇ. ಅದಕ್ಕಿಂತ ಭಯ ಪಡಬೇಕಾದ್ದು ಪಾರದರ್ಶಕ ಪ್ಲಾಸ್ಟಿಕ್ಕಿಗೆ. ಕಿಟಕಿ ಗಾಜಿಗೆ ಬಳಸುವುದು ಅದನ್ನೇ. ಅದು ಬಾಗುವುದಿಲ್ಲ, ನೇರವಾಗಿ ಸೀಳುತ್ತದೆ. ಬಾಗಿಲಿನ ಕೀಲು ಅದರಲ್ಲೇ ಇದ್ದು ಮೇಲೆ ಬರೀ ಬಣ್ಣ ಬಳಿದಿದ್ದಾರಾ ನೋಡಿ. ಹಾಗಿದ್ದರೆ ಪ್ರತಿ ಸಲವೂ ಮೆತ್ತಗೆ ತಿರುಗಿಸಿ.

ವಾಹನವಾಗಿ ನಿಂತ ಮೇಲೆ ಟೇಬಲ್ ಮೇಲಿಟ್ಟು ತಳ್ಳಿ. ನಾಲ್ಕೂ ಚಕ್ರ ನೆಲ ಮುಟ್ಟಬೇಕು, ಉರುಳಬೇಕು. ಸಂದುಗಳು ಒಂದೇ ಅಗಲ ಇವೆಯಾ? ಬಣ್ಣ ಬಳಿದ ಭಾಗ ಮತ್ತು ಬಣ್ಣದ್ದೇ ಪ್ಲಾಸ್ಟಿಕ್ ಪಕ್ಕಪಕ್ಕ ಬಂದಾಗ ಒಂದೇ ಹಳದಿಯಾ, ಇಲ್ಲ ಬೇರೆ ಬೇರೆ ಹಳದಿಯಾ? ಇದನ್ನು ಹಗಲು ಬೆಳಕಲ್ಲೇ ನೋಡಿ, ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ. ಮಗುಚಿ ನೋಡಿದಾಗ ರೋಬೋನ ಮುಖ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ನಗು ಬರುತ್ತದೆ, ಆದರೆ ನಾನು ಅದಕ್ಕೆ ಅಂಕ ಕಳೆಯುವುದಿಲ್ಲ, ಕಾರನ್ನು ಮಗುಚಿ ಯಾರು ಇಡುತ್ತಾರೆ?

ರೋಬೋ ರೂಪದಲ್ಲಿ ನಿಲ್ಲುವುದೇ ಮುಖ್ಯ. ಬೆನ್ನಿನ ಭಾರಕ್ಕೆ ಹಿಂದಕ್ಕೆ ವಾಲುತ್ತದಾ? ಹಿಮ್ಮಡಿ ಇದೆಯಾ? ಪಾದ ಪಕ್ಕಕ್ಕೆ ಓರೆಯಾಗುತ್ತದಾ? ಆಗದಿದ್ದರೆ ಕಾಲು ಅಗಲಿಸಿ ನಿಲ್ಲಿಸಿದಾಗ ಪಾದದ ಅಂಚು ಮಾತ್ರ ನೆಲ ಮುಟ್ಟುತ್ತದೆ. ಸೊಂಟ ತಿರುಗದಿದ್ದರೆ ಸಿನಿಮಾದ ಭಂಗಿಗಳು ಅರ್ಧ ಕೈಬಿಟ್ಟವು ಅಂದುಕೊಳ್ಳಿ. ಮುಂಗೈ ಒಳಭಾಗ ಟೊಳ್ಳಾಗಿರುವುದು ಸಾಮಾನ್ಯ, ಕಣ್ಣಿಗೆ ಬೀಳದ ಕಡೆ ಇದ್ದರೆ ಬಿಟ್ಟುಬಿಡಿ. ಒಂದು ಕೀಲು ಸಡಿಲ ಅಂತ ಗೊಂಬೆಯನ್ನೇ ತಳ್ಳಿಹಾಕಬೇಡಿ. ಬಾಲ್ ಜಾಯಿಂಟ್, ಅಂದರೆ ಗುಳಿಯೊಳಗೆ ಗುಂಡು ತಿರುಗುವ ಕೀಲು ಆದರೆ, ಆ ಗುಂಡಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು, ಪೂರ್ತಿ ಒಣಗಿದ ಮೇಲೆ ಕೂಡಿಸಿ. ಒಣಗುವ ಮುಂಚೆ ಕೂಡಿಸಿದರೆ ಅದು ಅಂಟಿಕೊಂಡು ಕೂರುತ್ತದೆ, ಎಚ್ಚರ.

ಹೋಲಿಸುವಾಗ ಸೈಜು ನೋಡಿ ಹೋಲಿಸಿ, ಒಂದೊಂದು ಸೈಜಿಗೂ ಒಂದು ಹೆಸರಿದೆ. ಡೀಲಕ್ಸ್ ಸುಮಾರು 4.5 ಇಂಚು, ವಾಯೇಜರ್ 6.5, ಲೀಡರ್ 8.5. ಡೀಲಕ್ಸ್‌ಗೆ ಲೀಡರ್‌ನ ಬೆರಳು ಬೇಕು ಅಂದರೆ ಆಗುವುದಿಲ್ಲ. 2018ರಲ್ಲಿ ಶುರುವಾದ, ಸಿನಿಮಾದ ರೋಬೋಗಳದ್ದೇ ಗೊಂಬೆ ಸಾಲಾದ ಸ್ಟುಡಿಯೋ ಸೀರೀಸ್, ರೋಬೋಗಳ ಎತ್ತರವನ್ನು ಸಿನಿಮಾದ ಅಳತೆಗೆ ಹೊಂದಿಸಲು ನೋಡುತ್ತದೆ. ಪಕ್ಕಪಕ್ಕ ನಿಲ್ಲಿಸಿದರೆ ಚೆನ್ನಾಗಿ ಕಾಣುವುದು ಅದಕ್ಕೇ. ಅವನ್ನೇ ವಾಹನ ಮಾಡಿ ಸಾಲಾಗಿಟ್ಟರೆ ಈ ಅಳತೆ ಕೂಡುವುದಿಲ್ಲ, ಅದನ್ನು ತಪ್ಪು ಅಂತ ಬರೆಯಬೇಡಿ.

ಒಂದು ಸಲ ಆಡಿ ತೀರ್ಪು ಕೊಡಬೇಡಿ. ಐದಾರು ಸಲ ಅತ್ತಿತ್ತ ಬದಲಾಯಿಸಿ, ಆಮೇಲೆ ಅಂಚಿನ ಬಣ್ಣ ಉಜ್ಜಿ ಹೋಗಿದೆಯಾ, ಲಾಕ್‌ಗಳು ಇನ್ನೂ ಹಿಡಿಯುತ್ತವೆಯಾ ನೋಡಿ. ಒಂದು ತಿಂಗಳು ಬಿಟ್ಟು ಅದು ಕಪಾಟಿನಲ್ಲಿ ಯಾವ ರೂಪದಲ್ಲಿದೆ ಅಂತಲೂ ನೋಡಿ. ಆ ನಾಲ್ಕು ಟ್ಯಾಬಿನ ಕಾರಿದೆಯಲ್ಲ, ಅದು ನಮ್ಮನೆಯಲ್ಲಿ ಎರಡು ವರ್ಷದಿಂದ ರೋಬೋ ಆಗಿಯೇ ನಿಂತಿದೆ.