ಮುಟ್ಟು ಏರುಪೇರಾದಾಗ ಲೆಕ್ಕ ಇಡುವ ಬಗೆ

ಮುಟ್ಟು ತಡವಾದೊಡನೆ ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳುವ ಮೊದಲು ಕ್ಯಾಲೆಂಡರ್ ನೋಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು. ಸ್ರಾವ ಆರಂಭವಾದ ದಿನವನ್ನು ಒಂದನೇ ದಿನವೆಂದು ಗುರುತಿಸಿ, ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಬೇಕು. ಸ್ರಾವ ನಿಂತ ದಿನದಿಂದ ಎಣಿಸುವುದು ಅನೇಕರು ಮಾಡುವ ತಪ್ಪು. ವಯಸ್ಕರಲ್ಲಿ ಈ ಅಂತರ 21ರಿಂದ 35 ದಿನಗಳಿದ್ದರೆ ಸಹಜ. ಮೈನೆರೆದ ಮೊದಲ ಎರಡು-ಮೂರು ವರ್ಷಗಳಲ್ಲಿ 45 ದಿನಗಳವರೆಗೂ ಹೋಗಬಹುದು. ಗರ್ಭ ನಿಂತಿರುವ ಸಾಧ್ಯತೆಯಿದ್ದರೆ ಮಾತ್ರ ಕಾಯದೆ ಮೊದಲು ಆ ಪರೀಕ್ಷೆ ಮಾಡಿಕೊಳ್ಳಿ.

ದಿನಾಂಕದ ಪಕ್ಕದಲ್ಲೇ ನಿದ್ದೆಯ ಗಂಟೆಗಳನ್ನೂ, ಪರೀಕ್ಷೆ, ಊರು ಬದಲಾವಣೆ, ಮನೆಯ ಚಿಂತೆ ಇತ್ಯಾದಿಗಳನ್ನೂ ಬರೆದಿಡಿ. ಒತ್ತಡ ಹೆಚ್ಚಾದಾಗ ಮೆದುಳಿನ ಹೈಪೊಥಲಾಮಸ್ ಅಂಡಾಶಯಕ್ಕೆ ಹೋಗುವ ಹಾರ್ಮೋನುಗಳ ಸೂಚನೆಯನ್ನು ತಗ್ಗಿಸುತ್ತದೆ. ಅಂಡ ಬಿಡುಗಡೆ ತಡವಾದರೆ ಮುಟ್ಟೂ ತಡವಾಗುತ್ತದೆ. ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಟ್ಟಿಗೆ ಎರಡು ವಾರ ಮೊದಲು. ಆದ್ದರಿಂದ ಪರೀಕ್ಷೆ ಮುಗಿಸಿ ನೆಮ್ಮದಿಯಾಗಿ ಊರಿಗೆ ಬಂದ ಹುಡುಗಿಗೆ ಆ ತಿಂಗಳು ಮುಟ್ಟು ತಪ್ಪಿದರೆ, ಕಾರಣವನ್ನು ಆ ವಾರದಲ್ಲಿ ಅಲ್ಲ, ಅವಳು ರಾತ್ರಿ ನಿದ್ದೆಗೆಟ್ಟು ಓದಿದ ಹಿಂದಿನ ವಾರಗಳಲ್ಲಿ ಹುಡುಕಬೇಕು.

ತೂಕವನ್ನು ತಿಂಗಳಿಗೊಮ್ಮೆ ಬರೆದರೆ ಸಾಕು, ದಿನವೂ ತೂಗಿ ಕೊರಗುವುದು ಬೇಡ. ಪಿಜಿಯಲ್ಲಿ ಬೆಳಗಿನ ತಿಂಡಿ ಬಿಟ್ಟು, ಸಂಜೆ ಜಿಮ್‌ನಲ್ಲಿ ದಣಿದು, ಕೆಲವೇ ತಿಂಗಳಲ್ಲಿ ಐದಾರು ಕಿಲೋ ಇಳಿದವಳ ಮುಟ್ಟು ನಿಂತರೆ ಅದು ದೇಹಕ್ಕೆ ಆಹಾರ ಸಾಲುತ್ತಿಲ್ಲವೆಂಬ ಸೂಚನೆ. ಹಾಗೆಯೇ ಬಹುಕಾಲ ಬಿಟ್ಟರೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಕೊರತೆಯಿಂದ ಮೂಳೆಯೂ ಸವೆಯುತ್ತದೆ. ಇಂಥವಳಿಗೆ ಬೇಕಾದುದು ವ್ಯಾಯಾಮಕ್ಕಿಂತ ಮೊದಲು ಹೊಟ್ಟೆತುಂಬ ಊಟ. ಇನ್ನೊಂದೆಡೆ, ತೂಕ ಹೆಚ್ಚಾದಾಗ ಇನ್ಸುಲಿನ್ ಏರಿ ಅಂಡಾಶಯದಲ್ಲಿ ಪುರುಷ ಹಾರ್ಮೋನುಗಳು ಹೆಚ್ಚಿ, ಅಂಡ ಬಿಡುಗಡೆಗೆ ಅಡ್ಡಿಯಾಗಬಹುದು; ಪಿಸಿಓಡಿ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರಿನ ತೊಂದರೆ) ಇರುವವರಲ್ಲಿ ಇದು ಇನ್ನಷ್ಟು ಸ್ಪಷ್ಟ. ಅಂಥವರಲ್ಲಿ ನೂರಕ್ಕೆ ಐದರಷ್ಟು, ಎಂದರೆ 70 ಕಿಲೋ ಇದ್ದವರಲ್ಲಿ ಮೂರೂವರೆ ಕಿಲೋ ಇಳಿದರೂ ಅನೇಕರಿಗೆ ಮುಟ್ಟು ಸರಿಹೋಗುತ್ತದೆ. ಉಪವಾಸ ಬಿದ್ದು ಇಳಿಸಿದರೆ ಮೇಲೆ ಹೇಳಿದ ತೊಂದರೆಯೇ ಎದುರಾದೀತು.

ಮೂರು ತಿಂಗಳು ಮುಟ್ಟು ಬರದಿದ್ದರೆ, ಸ್ರಾವ ಏಳು ದಿನ ಮೀರಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ ಅಥವಾ 15 ತುಂಬಿದರೂ ಮೈನೆರೆಯದಿದ್ದರೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್‌ನಂಥ ಕಾರಣಗಳನ್ನು ರಕ್ತಪರೀಕ್ಷೆಯಿಂದಲೇ ತಿಳಿಯಬೇಕಾಗುತ್ತದೆ. ಹೋಗುವಾಗ ಆ ಕ್ಯಾಲೆಂಡರನ್ನು ಮರೆಯದೆ ಒಯ್ಯಿರಿ; ವೈದ್ಯರು ಕೇಳುವ ಮೊದಲ ಪ್ರಶ್ನೆ ಹಿಂದಿನ ಮುಟ್ಟು ಯಾವಾಗ ಎಂಬುದೇ ಆಗಿರುತ್ತದೆ.