ವಾಚ್ ತೋರಿಸುವ ಬಿಪಿ, ಶುಗರ್ ನಂಬುವ ಮೊದಲು ಇಷ್ಟು ನೋಡಿ

ನಮ್ಮ ಚಿಕ್ಕಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷ ಆಯ್ತು. ಹೋದ ವರ್ಷ ಆನ್‌ಲೈನ್‌ನಲ್ಲಿ ಎರಡು ಸಾವಿರದೊಳಗೆ ಒಂದು ಸ್ಮಾರ್ಟ್ ವಾಚ್ ತರಿಸಿಕೊಂಡರು. ಬಿಪಿ, ಶುಗರ್, ಆಕ್ಸಿಜನ್ ಎಲ್ಲಾ ತೋರಿಸುತ್ತೆ ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿತ್ತು. ದೀಪಾವಳಿಗೆ ನಾನು ಊರಿಗೆ ಹೋಗುವಷ್ಟರಲ್ಲಿ ಅವರು ಬೆರಳು ಚುಚ್ಚಿ ನೋಡುವುದನ್ನೇ ಬಿಟ್ಟಿದ್ದರು. ನಾನು ವಾಚ್ ಬಿಚ್ಚಿಸಿಕೊಂಡು ಅಡುಗೆಮನೆಯಲ್ಲಿದ್ದ ಬಾಳೆಕಾಯಿಗೆ ಕಟ್ಟಿದೆ. ಹಸಿರು ದೀಪ ಅರ್ಧ ನಿಮಿಷ ಮಿನುಗಿತು. ಬಿಪಿ 118/76, ಶುಗರ್ 102. "ಪರವಾಗಿಲ್ವೇ, ಬಾಳೆಕಾಯಿಗೆ ಶುಗರ್ ಕಂಟ್ರೋಲ್‌ನಲ್ಲಿದೆ" ಅಂದರು ಚಿಕ್ಕಮ್ಮ. ಚಿಕ್ಕಪ್ಪ ನಗಲಿಲ್ಲ.

ಅವತ್ತಿನಿಂದ ಮನೆಯವರು, ಸ್ನೇಹಿತರು ಯಾರು ಕೇಳಿದರೂ ನಾನು ಒಂದೇ ಪ್ರಶ್ನೆ ವಾಪಸ್ ಕೇಳುತ್ತೇನೆ: ಇದಕ್ಕೆ ಯಾರು ಒಪ್ಪಿಗೆ ಕೊಟ್ಟಿದ್ದಾರೆ, ಯಾವ ಕೆಲಸಕ್ಕೆ ಕೊಟ್ಟಿದ್ದಾರೆ? ಎರಡನೇ ಭಾಗ ಮುಖ್ಯ. ಸರ್ಕಾರಗಳು ಒಪ್ಪಿಗೆ ಕೊಡುವುದು ಇಡೀ ವಾಚಿಗಲ್ಲ, ಅದು ಮಾಡುತ್ತೇನೆ ಅಂತ ಹೇಳಿಕೊಳ್ಳುವ ಒಂದೊಂದು ಕೆಲಸಕ್ಕೆ. ಹೆಜ್ಜೆ ಎಣಿಸುತ್ತೇನೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾಯಿಲೆ ಹಿಡಿಯುತ್ತೇನೆ ಅಂದರೆ ಮಾತ್ರ ಪುರಾವೆ ಕೇಳುತ್ತಾರೆ. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲೇ ಮೊಬೈಲ್ ಆ್ಯಪ್‌ಗಳ ಬಗ್ಗೆ ಹೆಚ್ಚುಕಮ್ಮಿ ಇದೇ ಗೆರೆ ಎಳೆಯಿತು.

ಹಾಗಾಗಿ ಮೊದಲ ಕೆಲಸ, ಬಾಕ್ಸ್‌ನೊಳಗಿನ ಕಾಗದ ಓದಿ. ಚಿಕ್ಕ ಅಕ್ಷರ, ಕನ್ನಡಕ ಬೇಕಾಗುತ್ತೆ. "ಇದು ವೈದ್ಯಕೀಯ ಸಾಧನವಲ್ಲ, ಸಾಮಾನ್ಯ ಕ್ಷೇಮಕ್ಕೆ ಮಾತ್ರ" ಅನ್ನೋ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಇದ್ದರೆ ಅಲ್ಲಿಗೆ ಮುಗಿಯಿತು. ಜಾಹೀರಾತಿನಲ್ಲಿ ಡಾಕ್ಟರ್ ಕೋಟು ಹಾಕಿದವರು ನಿಂತಿದ್ದರೂ, ಮಾಡಿದ ಕಂಪನಿಯ ಮಾತಿನಲ್ಲೇ ಅದು ಬರೀ ಗಡಿಯಾರ. ಚಿಕ್ಕಪ್ಪನ ವಾಚಿನ ಕಾಗದದಲ್ಲೂ ಆ ಸಾಲು ಇತ್ತು, ಕೊನೇ ಪುಟದಲ್ಲಿ.

ಶುಗರ್ ವಿಷಯಕ್ಕೆ ಜಾಸ್ತಿ ಹುಡುಕುವುದೇ ಬೇಡ. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬೇರೆ. ಅದರ ಕೂದಲಿನಂಥ ಎಳೆ ಚರ್ಮದೊಳಗೆ ಕೂತು ಅಳೆಯುತ್ತದೆ, ಫೋನು ಬರೀ ತೋರಿಸುತ್ತದೆ. ತಪ್ಪು ನಂಬರ್ ನೋಡಿ ಇನ್ಸುಲಿನ್ ಹೆಚ್ಚು ತಗೊಂಡರೆ ಏನಾಗುತ್ತೆ ಅಂತ ಶುಗರ್ ಇರುವ ಮನೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ಬಿಪಿ ಕಥೆ ಸ್ವಲ್ಪ ಉದ್ದ. 2014–15ರಲ್ಲಿ ಅಮೆರಿಕದಲ್ಲಿ ಇನ್‌ಸ್ಟಂಟ್ ಬ್ಲಡ್ ಪ್ರೆಶರ್ ಅಂತ ಒಂದು ಆ್ಯಪ್ ಚೆನ್ನಾಗಿ ಓಡಿತು. ಕ್ಯಾಮೆರಾ ಮೇಲೆ ಬೆರಳಿಟ್ಟು, ಫೋನನ್ನು ಎದೆಗೆ ಒತ್ತಿದರೆ ಬಿಪಿ ಬರುತ್ತಿತ್ತು. ಆಮೇಲೆ ಸಂಶೋಧಕರು ಸರಿಯಾದ ಮಿಷನ್ ಪಕ್ಕದಲ್ಲಿಟ್ಟು ನೋಡಿದರೆ, ಬಿಪಿ ಹೆಚ್ಚಿದ್ದ ಹತ್ತು ಜನರಲ್ಲಿ ಸುಮಾರು ಎಂಟು ಜನರಿಗೆ ಅದು "ನಿಮಗೇನೂ ತೊಂದರೆ ಇಲ್ಲ" ಅನ್ನುವಂಥ ನಂಬರ್ ಕೊಟ್ಟಿತ್ತು. ಗ್ರಾಹಕರ ಪರ ನೋಡಿಕೊಳ್ಳುವ ಅಲ್ಲಿನ ಎಫ್‌ಟಿಸಿ 2016ರಲ್ಲಿ ಆ ಕಂಪನಿಯ ಮೇಲೆ ಕ್ರಮ ತಗೊಂಡಿತು.

ಹಾಗಂತ ವಾಚಿನಲ್ಲಿ ಬಿಪಿ ಸಾಧ್ಯವೇ ಇಲ್ಲ ಅಂತಲ್ಲ. ದಕ್ಷಿಣ ಕೊರಿಯಾ 2020ರಲ್ಲಿ ಸ್ಯಾಮ್‌ಸಂಗ್‌ನ ಬಿಪಿ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿತು. ಆದರೆ 28 ದಿನಕ್ಕೊಮ್ಮೆ ತೋಳಿಗೆ ಪಟ್ಟಿ ಕಟ್ಟುವ ಮಾಮೂಲಿ ಮಿಷನ್‌ನಲ್ಲಿ ನೋಡಿ, ಆ ಲೆಕ್ಕ ವಾಚಿಗೆ ಹೇಳಿಕೊಡಬೇಕು. ನಿಮ್ಮ ವಾಚ್ ಪಟ್ಟಿ ಮಿಷನ್ ಬೇಡವೇ ಬೇಡ ಅನ್ನುತ್ತಿದ್ದರೆ ಅನುಮಾನ ಪಡಿ. ಮನೆಯಲ್ಲೇ ಪರೀಕ್ಷೆ ಮಾಡುವುದೂ ಸುಲಭ. ಕಾಫಿ ಕುಡಿಯುವ ಮೊದಲು ಐದು ನಿಮಿಷ ಸುಮ್ನೆ ಕೂತುಕೊಳ್ಳಿ, ಬೆನ್ನಿಗೆ ಆಸರೆ ಇರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಟೇಬಲ್ ಮೇಲಿಟ್ಟು ಮೊದಲು ಮಿಷನ್‌ನಲ್ಲಿ, ಆಮೇಲೆ ವಾಚಿನಲ್ಲಿ ನೋಡಿ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಬೆಳಿಗ್ಗೆ ಸಂಜೆ ಹೀಗೆ ಒಂದು ವಾರ. ಮಿಷನ್ 150 ತೋರಿಸಿದ ದಿನವೂ ವಾಚ್ 120ರಲ್ಲೇ ಕೂತಿದ್ದರೆ ಅದು ಅಳೆಯುತ್ತಿಲ್ಲ. ಆ ಚೀಟಿಯನ್ನೇ ಡಾಕ್ಟರ್ ಹತ್ತಿರ ತಗೊಂಡು ಹೋಗಿ. ಮಾತ್ರೆ ಮಾತ್ರ ನೀವೇ ಬದಲಾಯಿಸಬೇಡಿ.

ಇನ್ನು ಬಾಕ್ಸ್ ಮೇಲಿನ ಮುದ್ರೆಗಳು. ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. "ಎಫ್‌ಡಿಎ ರಿಜಿಸ್ಟರ್ಡ್" ಅಂದರೆ ಕಂಪನಿ ತನ್ನ ಹೆಸರು ಬರೆಸಿದೆ ಅಂತ ಅಷ್ಟೇ, ಅದು ಒಪ್ಪಿಗೆ ಅಲ್ಲ ಅಂತ ಎಫ್‌ಡಿಎಯೇ ಹೇಳುತ್ತದೆ. ಯುರೋಪಿನ ಸಿಇ ಗುರುತು ಚಾರ್ಜರ್ ಮೇಲೂ ಇರುತ್ತೆ, ಮಕ್ಕಳ ಆಟಿಕೆ ಮೇಲೂ ಇರುತ್ತೆ. ಹೊರಗಿನ ಸಂಸ್ಥೆ ಪರೀಕ್ಷೆ ಮಾಡಿದ ವೈದ್ಯಕೀಯ ಸಾಧನವಾದರೆ ಸಿಇ ಪಕ್ಕ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. ಅದನ್ನು ನೋಡಿ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಕಾಯಿಲೆ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ಲೆಕ್ಕಕ್ಕೆ ಬರುತ್ತದೆ, ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ನೋಡಿಕೊಳ್ಳುತ್ತದೆ. ಹಾಗಾಗಿ ಲೇಬಲ್ ಮೇಲೆ ಲೈಸೆನ್ಸ್ ನಂಬರ್ ಹುಡುಕಿ. ಕಾಣದಿದ್ದರೆ ಮಾರುವವರನ್ನೇ ಕೇಳಿ, ಅವರ ಉತ್ತರದಲ್ಲೇ ಅರ್ಧ ಗೊತ್ತಾಗುತ್ತೆ.

ವಿದೇಶದಲ್ಲಿರುವ ಮಗನೋ ಮಗಳೋ ವಾಚ್ ತರುತ್ತಿದ್ದರೆ ಇನ್ನೊಂದು ವಿಷಯ. ಒಪ್ಪಿಗೆ ದೇಶದಿಂದ ದೇಶಕ್ಕೆ ಬೇರೆ. ಆ್ಯಪಲ್ ವಾಚಿನ ಇಸಿಜಿಗೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿತು, ಉಳಿದ ದೇಶಗಳಲ್ಲಿ ಅದು ಒಂದೊಂದಾಗಿ ಆಮೇಲೆ ಬಂತು. ಬೇಕಾದ ಸೌಲಭ್ಯ ಇಲ್ಲಿ ನಡೆಯುತ್ತಾ ಅಂತ ಮೊದಲೇ ನೋಡಿಸಿ. ಆ ಇಸಿಜಿ ಹುಡುಕುವುದು ಎದೆಬಡಿತದ ಒಂದು ಬಗೆಯ ಏರುಪೇರನ್ನು. ಹಾರ್ಟ್ ಅಟ್ಯಾಕ್ ಹಿಡಿಯೋದಕ್ಕೆ ನನ್ನಿಂದ ಆಗಲ್ಲ ಅಂತ ಆ ಆ್ಯಪೇ ಹೇಳುತ್ತದೆ. ಎದೆ ನೋವು ಬಂದಾಗ ಗೆರೆ ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಅಲ್ಲಿ ಡಾಕ್ಟರ್ ಮಾತ್ರೆ ಬರೆದ ಹಾಗೆ ಆ್ಯಪ್ ಬರೆದುಕೊಡಬಹುದು. 2019ರ ಕೊನೆಯಲ್ಲಿ ಕಾನೂನು ಬಂತು, 2020ರ ಅಕ್ಟೋಬರ್‌ನಲ್ಲಿ ಹೀಗೆ ಬರೆದುಕೊಡಬಹುದಾದ ಆ್ಯಪ್‌ಗಳ ಸರ್ಕಾರಿ ಪಟ್ಟಿಗೆ ಮೊದಲ ಆ್ಯಪ್‌ಗಳು ಸೇರಿದವು. ಕಿವಿಯಲ್ಲಿ ಗುಂಯ್‌ಗುಟ್ಟುವ ತೊಂದರೆಗೆ ಒಂದು, ಆತಂಕಕ್ಕೆ ಒಂದು. ಸರ್ಕಾರಿ ವಿಮೆ ಇದ್ದರೆ ದುಡ್ಡು ವಿಮೆಯೇ ಕೊಡುತ್ತದೆ. ಪುರಾವೆ ಪೂರ್ತಿ ಇಲ್ಲದ ಆ್ಯಪ್‌ಗೆ ಮೊದಲು ಒಂದು ವರ್ಷದ ತಾತ್ಕಾಲಿಕ ಜಾಗ, ಉಪಯೋಗ ಆಗುತ್ತೆ ಅಂತ ತೋರಿಸದಿದ್ದರೆ ಪಟ್ಟಿಯಿಂದ ಹೊರಗೆ. ನನಗಂತೂ ಈ ಪದ್ಧತಿ ಇಷ್ಟ. ಪಟ್ಟಿಯಲ್ಲಿ ಪ್ರತಿ ಆ್ಯಪ್ ಕಾಯಂ ಆಗಿದೆಯೋ ತಾತ್ಕಾಲಿಕವೋ ಅಂತ ಬರೆದಿರುತ್ತದೆ, ಅದನ್ನು ನೋಡಿ ಡಾಕ್ಟರ್ ಹತ್ತಿರ ಕೇಳಿ.

ಆ್ಯಪ್‌ನಲ್ಲಿ ಡಾಕ್ಟರನ್ನು ನೋಡುವವರಿಗೆ ನಮ್ಮ 2020ರ ಟೆಲಿಮೆಡಿಸಿನ್ ನಿಯಮ ಇದೆ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು. ಚಟ ಹತ್ತಿಸುವ ಕೆಲವು ಮಾತ್ರೆಗಳನ್ನು ಫೋನಿನಲ್ಲಿ ಬರೆಯುವ ಹಾಗೇ ಇಲ್ಲ, ಕೊಡದಿದ್ದರೆ ಡಾಕ್ಟರ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಸ್ಮಾರ್ಟ್ ಫೋನ್ ಇಲ್ಲದ ಅಜ್ಜಿಗೆ, ಹಳ್ಳಿಯ ಬಸುರಿಗೆ ಇದ್ಯಾವುದೂ ಇಲ್ಲವೇ ಅಂದರೆ, ಇದೆ. ದಕ್ಷಿಣ ಆಫ್ರಿಕಾ 2014ರಲ್ಲಿ ಬಸುರಿಯರಿಗೆ ಆರೋಗ್ಯದ ಸಲಹೆ ಕಳಿಸುವ ಮಾಮ್‌ಕನೆಕ್ಟ್ ಶುರು ಮಾಡಿದಾಗ ಬಟನ್ ಫೋನಿನ ಎಸ್ಸೆಮ್ಮೆಸ್ಸೇ ಸಾಕಾಗಿತ್ತು. ನಮ್ಮ ಕೇಂದ್ರ ಸರ್ಕಾರದ ಕಿಲ್ಕಾರಿ ಯೋಜನೆ ಬಸುರಿಯರಿಗೆ, ಬಾಣಂತಿಯರಿಗೆ ಅಂಥ ಸಲಹೆಯನ್ನು ಫೋನ್ ಮಾಡಿ ಹೇಳುತ್ತದೆ, ಓದು ಬರಹ ಬೇಕಾಗಿಲ್ಲ. ಮನೆಯ ಹಿರಿಯರಿಗೆ ಏನಾದರೂ ಹಾಕಿಕೊಡುವಾಗ ನಾನೂ ಮಾತಾಡುವಂಥದ್ದನ್ನೇ ಹುಡುಕುತ್ತೇನೆ.

ಕೊನೆಗೆ ಮಾಹಿತಿ. ಬಿಪಿ ನೋಡುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ? ಬೇಡ ಅಂತ ಒತ್ತಿ. ಅಮೆರಿಕದಲ್ಲಿ ಗುಡ್‌ಆರ್‌ಎಕ್ಸ್ ಅನ್ನುವ ಔಷಧ ರಿಯಾಯಿತಿ ಕಂಪನಿ ಜನರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗೆ ಕೊಟ್ಟಿದೆ ಅಂತ ಎಫ್‌ಟಿಸಿ ಆರೋಪಿಸಿತು, 2023ರಲ್ಲಿ 15 ಲಕ್ಷ ಡಾಲರ್ ದಂಡಕ್ಕೆ ಕಂಪನಿ ಒಪ್ಪಿಕೊಂಡಿತು. ಆ್ಯಪ್ ಬೇಡ ಅನ್ನಿಸಿದರೆ ಫೋನಿನಿಂದ ತೆಗೆದರೆ ಸಾಲದು, ಮಾಹಿತಿ ಅವರ ಹತ್ತಿರವೇ ಉಳಿಯಬಹುದು. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ಆ್ಯಪ್ ತೆಗೆಯಿರಿ.